ವಿನಾಯಿತಿಯ ಸಾಲು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಿಚಿಗನ್ ರಾಜಧಾನಿ ಲ್ಯಾನ್ಸಿಂಗ್‌ನಿಂದ ನೀನು ಕಳಿಸಿದ ಕರಡನ್ನು ಎರಡು ಸಲ ಓದಿದೆ. ಗ್ರಾಹಕ ರಕ್ಷಣಾ ತಿದ್ದುಪಡಿ ಚರ್ಚೆಗೆ ಬಂದ ದಿನ ನಿಮ್ಮ ಶಾಸಕಿ ಸದನದಲ್ಲಿ ಓದಲಿರುವ ಭಾಷಣವಲ್ಲವೇ? ಬಹಳ ಚೆನ್ನಾಗಿದೆ, ಅದೇ ನನಗೆ ತಕರಾರು. 1962ರ ಮಾರ್ಚ್ 15ರಂದು ಅಧ್ಯಕ್ಷ ಕೆನಡಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶ, ಅದರಲ್ಲಿನ ಗ್ರಾಹಕರ ನಾಲ್ಕು ಹಕ್ಕು, ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು, ಎಲ್ಲ ಬಂದಿದೆ. ಮಸೂದೆ ಏನನ್ನು ಬದಲಾಯಿಸುತ್ತದೆ ಎನ್ನುವುದು ಮಾತ್ರ ನಾಲ್ಕನೇ ಪುಟದಲ್ಲಿದೆ. ಅಷ್ಟು ಹೊತ್ತಿಗೆ ಕೇಳುವವರು ಫೋನಿಗೆ ತಲೆ ಬಗ್ಗಿಸಿರುತ್ತಾರೆ.

ನಿನಗೆ ಗೊತ್ತೇ ಇದೆ, ನಾನು ಮೂವತ್ತು ವರ್ಷ ಕಂಪನಿಗಳ ಪರ ವಾದ ಮಾಡಿದವನು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ, ನೀನು ಈ ಕೆಲಸಕ್ಕೆ ಸೇರಿದಾಗ ನಿಮ್ಮಪ್ಪ ನನ್ನ ಮುಖ ನೋಡಿ ನಕ್ಕಿದ್ದು ನೆನಪಿದೆ. ಆದ್ದರಿಂದ ಇದನ್ನು ಹಿರಿಯನ ಬುದ್ಧಿಮಾತು ಅಂದುಕೊಳ್ಳಬೇಡ. ಎದುರು ಪಾಳಯದಿಂದ ನಿವೃತ್ತನಾಗಿ ಬಂದವನ ಸುಳಿವು ಅಂದುಕೋ.

ಮಿಚಿಗನ್‌ನ ಗ್ರಾಹಕ ರಕ್ಷಣಾ ಕಾಯ್ದೆ 1976ರದು. ಅದರ ಮೂರನೇ ಸೆಕ್ಷನ್‌ನಲ್ಲಿ ಮಾಡಬಾರದ ಮೋಸಗಳ ಪಟ್ಟಿಯಿದೆ, ಮೂವತ್ತಕ್ಕೂ ಹೆಚ್ಚು. ಓದಿದರೆ ಹೊಟ್ಟೆ ತಣ್ಣಗಾಗುತ್ತದೆ. ಹೊಸ ಕೇಸು ಕೈಗೆ ಬಂದಾಗ ನಾನು ಆ ಪಟ್ಟಿಯ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ನೇರ ನಾಲ್ಕನೇ ಸೆಕ್ಷನ್‌ಗೆ ಹೋಗುತ್ತಿದ್ದೆ. ರಾಜ್ಯದ್ದೋ ಕೇಂದ್ರದ್ದೋ ಕಾನೂನಿನಡಿ ಕೆಲಸ ಮಾಡುವ ನಿಯಂತ್ರಣ ಮಂಡಳಿ ಅಥವಾ ಅಧಿಕಾರಿಯ ಕೈಕೆಳಗೆ 'ನಿರ್ದಿಷ್ಟವಾಗಿ ಅನುಮತಿ ಪಡೆದ' ವ್ಯವಹಾರಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂಬ ಸಾಲು ಅಲ್ಲಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ಕೂತಿರುವುದು ಅಲ್ಲೇ.

ಅನುಮತಿ ಯಾವುದಕ್ಕೆ, ಮೋಸಕ್ಕಾ ವ್ಯಾಪಾರಕ್ಕಾ? ಸಾಮಾನ್ಯ ಮನುಷ್ಯನನ್ನು ಕೇಳಿದರೆ, ಮೋಸ ಮಾಡಲು ಯಾವ ಸರ್ಕಾರ ಅನುಮತಿ ಕೊಡುತ್ತದೆ, ಹಾಗಾದರೆ ಮೋಸಕ್ಕೆ ವಿನಾಯಿತಿ ಇಲ್ಲ ಎನ್ನುತ್ತಾನೆ. ರಾಜ್ಯದ ಸುಪ್ರೀಂ ಕೋರ್ಟು 1999ರ ಗ್ಲೋಬ್ ಲೈಫ್ ತೀರ್ಪಿನಲ್ಲಿ ಹಾಗೆ ಓದಲಿಲ್ಲ. ಆರೋಪಿಸಿದ ಕೃತ್ಯಕ್ಕೆ ನಿಷೇಧವಿದೆಯೇ ಎಂದು ನೋಡಬೇಡಿ, ಒಟ್ಟಾರೆ ಆ ಬಗೆಯ ವ್ಯವಹಾರಕ್ಕೆ ಅನುಮತಿ ಇದೆಯೇ ನೋಡಿ ಎಂದಿತು. ಅದು ವಿಮೆಯ ಕೇಸು. 2007ರ ಲಿಸ್ ಪ್ರಕರಣದಲ್ಲಿ ಅದೇ ತರ್ಕ ಮನೆ ಕಟ್ಟುವವರಿಗೂ ಹರಡಿತು. ಬಿಲ್ಡರ್‌ಗೆ ಲೈಸೆನ್ಸ್ ಇದೆ, ಮನೆ ಕಟ್ಟುವುದು ಲೈಸೆನ್ಸಿನ ಕೆಲಸ, ಆದ್ದರಿಂದ ಈ ಕಾಯ್ದೆಯಡಿ ಅವನ ಮೇಲೆ ದಾವೆ ನಡೆಯದು. ಲೈಸೆನ್ಸ್ ಬೇಕಾಗುವ ಕಸುಬುಗಳ ಪಟ್ಟಿ ಎಷ್ಟುದ್ದ ಅಂತ ನೀನೇ ಲೆಕ್ಕ ಹಾಕು. 2022ರಲ್ಲಿ ರಾಜ್ಯ ಸರ್ಕಾರದ ಮುಖ್ಯ ವಕೀಲೆ, ಅಟಾರ್ನಿ ಜನರಲ್ ಡೇನಾ ನೆಸ್ಸೆಲ್ ಅವರು ಇನ್ಸುಲಿನ್ ಬೆಲೆಯ ವಿಷಯದಲ್ಲಿ ಎಲಿ ಲಿಲ್ಲಿ ಔಷಧ ಕಂಪನಿಯ ತನಿಖೆಗೆಂದು ಕೋರ್ಟಿಗೆ ಹೋದಾಗಲೂ ಅಡ್ಡ ಬಂದದ್ದು ಈ ಎರಡು ತೀರ್ಪುಗಳೇ.

ಈಗ ನನ್ನದೊಂದು ಹಳೆಯ ಕೇಸು ಹೇಳುತ್ತೇನೆ. ನಿನ್ನ ದೊಡ್ಡಮ್ಮನಿಗೂ ಪೂರ್ತಿ ಹೇಳಿಲ್ಲ. ಲಿಸ್ ತೀರ್ಪು ಬಂದ ಸ್ವಲ್ಪ ಕಾಲಕ್ಕೆ ಒಬ್ಬ ಬಿಲ್ಡರ್ ನನ್ನ ಕಕ್ಷಿದಾರನಾಗಿದ್ದ. ಎದುರುಗಡೆ ಶಾಲಾ ಬಸ್ ಓಡಿಸಿ ನಿವೃತ್ತಳಾಗಿದ್ದ ಒಂಟಿ ಹೆಂಗಸು. ಹೊಸ ಮನೆಯ ನೆಲಮಾಳಿಗೆಗೆ ಪ್ರತಿ ಮಳೆಗೂ ನೀರು. ಮೊದಲೇ ಗೊತ್ತಿದ್ದೂ ಮುಚ್ಚಿಟ್ಟು ಮಾರಿದ್ದಾರೆ ಅನ್ನುವುದು ಆಕೆಯ ದೂರು. ಕಾಗದಪತ್ರ ನೋಡಿದ ನನಗೂ ಹಾಗೇ ಅನ್ನಿಸಿತ್ತು. ನಾನು ಬರೆದ ಅರ್ಜಿ ಮೂರೇ ಪುಟ. ಲೈಸೆನ್ಸ್ ಇದೆ, ಲಿಸ್ ಇದೆ, ಗ್ರಾಹಕ ಕಾಯ್ದೆಯ ದಾವೆ ವಜಾ ಮಾಡಿ. ವಜಾ ಆಯಿತು. ಕರಾರು ಮುರಿದ ದಾವೆ ಉಳಿದುಕೊಂಡಿತ್ತು, ನಿಜ. ಆದರೆ ಆ ದಾವೆಯಲ್ಲಿ ಗೆದ್ದರೂ ಅವರವರ ವಕೀಲರ ಫೀ ಅವರವರದೇ. ಗ್ರಾಹಕ ಕಾಯ್ದೆಯಲ್ಲಾದರೆ ಗೆದ್ದವರ ವಕೀಲರ ಫೀ ಎದುರಾಳಿ ಕೊಡಬೇಕಾಗಬಹುದಿತ್ತು. ಗೆದ್ದವ ಸೋತ, ಸೋತವ ಸತ್ತ ಅನ್ನುವ ಗಾದೆಯ ಲೆಕ್ಕವನ್ನು ಆಕೆಯ ವಕೀಲ ಕಾಗದದ ಮೇಲೆ ಹಾಕಿ ತೋರಿಸಿರಬೇಕು. ರಿಪೇರಿಯ ಅರ್ಧ ಖರ್ಚೂ ಹುಟ್ಟದ ಮೊತ್ತಕ್ಕೆ ರಾಜಿಯಾದಳು. ಸಹಿ ಹಾಕುವಾಗ ನನ್ನ ಪೆನ್ನು ಕೇಳಿ ತೆಗೆದುಕೊಂಡಳು, ಥ್ಯಾಂಕ್ಸ್ ಹೇಳಿ ವಾಪಸು ಕೊಟ್ಟಳು.

ಆಕೆಗೆ ಹಕ್ಕು ಇರಲಿಲ್ಲ ಅಂತಲ್ಲ. ಹಕ್ಕುಗಳ ಪಟ್ಟಿ ಹಾಗೇ ಇತ್ತು, ಒಂದು ಅಕ್ಷರವೂ ಅಳಿಸಿರಲಿಲ್ಲ. ನಿಮ್ಮ ಶಾಸಕಿಯ ಭಾಷಣ ಮೊದಲ ನಿಮಿಷದಲ್ಲೇ ನಾಲ್ಕನೇ ಸೆಕ್ಷನ್‌ನ ಆ ವಿನಾಯಿತಿಯ ಸಾಲಿಗೆ ಬಂದು ನಿಲ್ಲಬೇಕು. ಕೆನಡಿಯನ್ನು ಕೈಬಿಡು.

ಎದುರಿನವರು ಹೇಳುವುದೆಲ್ಲ ಸುಳ್ಳೆಂದು ತಿಳಿಯಬೇಡ, ಹಾಗೆ ಬರೆಯಲೂಬೇಡ. 'ಲೈಸೆನ್ಸ್ ಮಂಡಳಿ ಇರುವಾಗ ಇನ್ನೊಂದು ಕಾನೂನು ಯಾಕೆ' ಎನ್ನುತ್ತಾರೆ. ಮಂಡಳಿ ದಂಡ ಹಾಕಬಹುದು, ಲೈಸೆನ್ಸ್ ಕಿತ್ತುಕೊಳ್ಳಬಹುದು. ಆದರೆ ಕೇಸಿನ ಲಗಾಮು ದೂರು ಕೊಟ್ಟವರ ಕೈಯಲ್ಲಿ ಇರುವುದಿಲ್ಲ. ಉತ್ತರ ಇಷ್ಟೇ, ಉದ್ದ ಮಾಡಬೇಡ. 'ಸಣ್ಣ ವ್ಯಾಪಾರಿಗಳು ಸುಳ್ಳು ಕೇಸುಗಳಿಂದ ಮುಳುಗುತ್ತಾರೆ' ಅನ್ನುವುದು ಇನ್ನೊಂದು. ಈ ಭಯದಲ್ಲಿ ಹುರುಳಿದೆ, ಅದನ್ನು ಮಸೂದೆಯೊಳಗೇ ತಣಿಸು. ಮ್ಯಾಸಚೂಸೆಟ್ಸ್‌ನ 93ಎ ನೋಡು, 1967ರ ಗ್ರಾಹಕ ಕಾಯ್ದೆ. ಅಲ್ಲಿ ಗ್ರಾಹಕ ಕೋರ್ಟಿಗೆ ಹೋಗುವ 30 ದಿನ ಮೊದಲು ಸಾಮಾನ್ಯವಾಗಿ ಬೇಡಿಕೆಯ ಪತ್ರ ಕೊಡಬೇಕು. ವ್ಯಾಪಾರಿ ಅಷ್ಟರೊಳಗೆ ನ್ಯಾಯವಾದ ಪರಿಹಾರ ಮುಂದಿಟ್ಟರೆ ಅವನ ಹೊರೆ ಅಲ್ಲಿಗೇ ಮಿತಿಯಾಗುತ್ತದೆ. ಬೇಕೆಂದೇ ಮಾಡಿದ ಮೋಸ ಸಾಬೀತಾದರೆ ನಷ್ಟದ ಎರಡರಿಂದ ಮೂರು ಪಟ್ಟು, ಜೊತೆಗೆ ವಕೀಲರ ಫೀ. ಪ್ರಾಮಾಣಿಕನಿಗೆ ಬಾಗಿಲಿದೆ, ಭಂಡನಿಗೆ ಬಿಸಿ ಇದೆ. ಆ ರಾಜ್ಯದಲ್ಲೂ ವ್ಯವಹಾರವಿದ್ದ ನನ್ನ ಕಕ್ಷಿದಾರರು ಆ ಪತ್ರ ಬಂದ ದಿನ ಊಟ ಬಿಟ್ಟು ಫೋನ್ ಮಾಡುತ್ತಿದ್ದರು. ಮಿಚಿಗನ್‌ನಿಂದ ಅಂಥ ಫೋನ್ ನನಗೆ ಬಂದದ್ದೇ ಇಲ್ಲ.

ಮಿಚಿಗನ್ ಕಾಯ್ದೆಯಲ್ಲಿ ಗ್ರಾಹಕನಿಗೆ ಸಿಗುವ ಕನಿಷ್ಠ ಪರಿಹಾರ 250 ಡಾಲರ್, ನ್ಯೂಯಾರ್ಕ್‌ನಲ್ಲಿ 1980ರಲ್ಲಿ ಇಟ್ಟದ್ದು 50 ಡಾಲರ್. ಬೆಲೆಯೇರಿಕೆಗೆ ತಕ್ಕಂತೆ ತಾನಾಗಿಯೇ ಏರುವ ಹಾಗೆ ಒಂದು ವಾಕ್ಯ ಸೇರಿಸಲು ಹೇಳು.

ಕಾನೂನಿನಲ್ಲಿ ಎಣಿಸಬಹುದಾದ ಸಂಖ್ಯೆ ಇದ್ದರೆ ಒಳ್ಳೆಯದು. ಕೆಟ್ಟ ಕಾರಿಗೆ ಇಲ್ಲಿ ಲೆಮನ್ ಅನ್ನುತ್ತಾರಲ್ಲ, ಆ ಕಾನೂನು ಕನೆಕ್ಟಿಕಟ್‌ನಲ್ಲಿ 1982ರಲ್ಲಿ ಬಂತು, ಮಿಚಿಗನ್‌ಗೆ 1986ರಲ್ಲಿ. ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿ, ಇಲ್ಲವೇ ಒಟ್ಟು 30 ದಿನ ಗ್ಯಾರೇಜಿನಲ್ಲಿ. ಮೆಕ್ಯಾನಿಕ್‌ನ ರಸೀದಿಗಳನ್ನು ಅಡುಗೆಮನೆ ಮೇಜಿನ ಮೇಲೆ ಹರಡಿ ಎಣಿಸಿದರೆ ಬೇರೆ ಕಾರನ್ನೋ ಹಣವನ್ನೋ ವಾಪಸು ಕೇಳುವ ಹಕ್ಕು ಹುಟ್ಟಿತೋ ಇಲ್ಲವೋ ತಿಳಿಯುತ್ತದೆ. ನನ್ನಂಥವರಿಗೆ ಅಲ್ಲಿ ಜಾಗ ಕಡಿಮೆ.

ಇನ್ನು ಸಮಿತಿಯಲ್ಲಿ ಮಸೂದೆಯನ್ನು ಯಾರೂ ಬಹಿರಂಗವಾಗಿ ಕೊಲ್ಲುವುದಿಲ್ಲ. ಒಂದು ಪದ ಸೇರಿಸುತ್ತಾರೆ. 'ಗೊತ್ತಿದ್ದೂ' ಅನ್ನುವ ಪದ ನನಗೆ ಬಹಳ ಪ್ರಿಯವಾಗಿತ್ತು. ಗೊತ್ತಿದ್ದೂ ಮೋಸ ಮಾಡಿದರೆ ಮಾತ್ರ ತಪ್ಪು ಎಂದಾದರೆ, ಮಾರಿದವನ ಮನಸ್ಸಿನೊಳಗೆ ಏನಿತ್ತು ಎಂದು ಕೊಂಡವಳು ಸಾಬೀತು ಮಾಡಬೇಕು. ಮೂರು ಪಟ್ಟು ಪರಿಹಾರಕ್ಕೆ ಆ ಪದ ಇರಲಿ, ಮೂಲ ಹಕ್ಕಿಗೆ ಬೇಡ. ನೀವು ಚಾಪೆ ಕೆಳಗೆ ನುಗ್ಗಿದರೆ ಅವರು ರಂಗೋಲಿ ಕೆಳಗೆ ನುಗ್ಗುತ್ತಾರೆ. ತಿದ್ದುಪಡಿ ಬಂದಾಗೆಲ್ಲ ಹಳೆಯ ಪಠ್ಯವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೀನೇ ಓದು, ಬೇರೆಯವರ ಸಾರಾಂಶ ನಂಬಬೇಡ.

ಕೇಂದ್ರದ ಕಾನೂನನ್ನೂ ಮೊದಲೇ ನೋಡಿಕೊಂಡಿರು. 'ಉಚಿತ' ಫೋನಿಗೆ 30 ಡಾಲರ್ 22 ಸೆಂಟ್ ತೆರಿಗೆ ವಸೂಲಿ ಮಾಡಿದ್ದಕ್ಕೆ ಕ್ಯಾಲಿಫೋರ್ನಿಯಾದ ದಂಪತಿ ಎಟಿ ಅಂಡ್ ಟಿ ಫೋನ್ ಕಂಪನಿ ಮೇಲೆ ಹೂಡಿದ ಕೇಸಿನಲ್ಲಿ, 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1925ರ ಮಧ್ಯಸ್ಥಿಕೆ ಕಾಯ್ದೆಯನ್ನು ಎತ್ತಿಹಿಡಿದು ರಾಜ್ಯದ ನಿಯಮವನ್ನು ಬದಿಗೆ ಸರಿಸಿತು. ತಕರಾರನ್ನು ಕೋರ್ಟಿಗೆ ಒಯ್ಯದೆ ಖಾಸಗಿ ಮಧ್ಯಸ್ಥನ ಮುಂದೆಯೇ ತೀರಿಸಿಕೊಳ್ಳಬೇಕೆಂಬ ಮಧ್ಯಸ್ಥಿಕೆ ಕರಾರುಗಳನ್ನು ಸಾರಾಸಗಟಾಗಿ ರದ್ದು ಮಾಡುವ ನಿಮ್ಮ ಹನ್ನೊಂದನೇ ಕಲಮು ಅದೇ ಗೋಡೆಗೆ ಹೋಗಿ ಹೊಡೆಯುತ್ತದೆ. ಅದಕ್ಕಾಗಿ ಹಟ ಹಿಡಿದು ಉಳಿದದ್ದನ್ನು ಕಳೆದುಕೊಳ್ಳಬೇಡಿ.

ಕೆಳಮನೆಯಲ್ಲಿ 110 ಜನ, ನಿಮಗೆ ಬೇಕಾದದ್ದು 56 ಮತ. ರಾಜ್ಯದ ಸಂವಿಧಾನಕ್ಕೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಒಬ್ಬ ಸದಸ್ಯ ಎರಡೂ ಸದನ ಸೇರಿ 12 ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ಕಂಪನಿಗಳ ಪರ ಶಾಸಕರ ಬೆನ್ನು ಹತ್ತುವ ಲಾಬಿಯವರಿಗೆ ಅಂಥ ಮಿತಿಯಿಲ್ಲ. ಯಾವ ಕಲಮು ಯಾವ ವರ್ಷ ಯಾಕೆ ಬಿದ್ದುಹೋಯಿತೆಂದು ಅವರಿಗೆ ಬಾಯಿಪಾಠ. ಅವರ ಜೊತೆ ಕಾಫಿ ಕುಡಿ, ಜಗಳವಾಡಬೇಡ, ಅವರು ಯಾವ ಸಾಲಿನ ಬಗ್ಗೆ ಮಾತು ತಪ್ಪಿಸುತ್ತಾರೋ ಅದನ್ನು ಗುರುತು ಹಾಕಿಕೋ.

ಅವರ ಜೊತೆ ಮಾತು ಮುಗಿಸಿ ಭಾಷಣವನ್ನು ಮತ್ತೆ ಬರೆದು ಕಳಿಸು. ಈ ಸಲ ದೊಡ್ಡಪ್ಪನಾಗಿ ಓದುವುದಿಲ್ಲ. ಬಿಲ್ಡರ್‌ನ ವಕೀಲನಾಗಿ ಓದಿ, ಮೂರು ಪುಟದ ಉತ್ತರ ಬರೆಯಲು ನೋಡುತ್ತೇನೆ. ಬರೆಯಲು ಆಗದಿದ್ದರೆ ಅವತ್ತೇ ಫೋನ್ ಮಾಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ