ನಿನ್ನ ಮೂರು ತಿಂಗಳ ಸಂಬಳದ ವಿಷಯವಾಗಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ನಡೆದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ಬಾಕಿ ಸಂಬಳಕ್ಕಾಗಿ ದಾವೆ ಹೂಡುತ್ತೇನೆಂದು ನೀನು ಹೇಳಿದಾಗ "ಬಿಡವ್ವ, ಬೇರೆ ಕೆಲಸ ಸಿಕ್ಕಿದೆಯಲ್ಲ" ಎಂದೆನಲ್ಲ, ಅದು ತಪ್ಪು. ನನ್ನಿಂದ ಆ ಮಾತನ್ನು ಆಡಿಸಿದ್ದು ನನ್ನದೇ ಹಳೆಯ ಸೋಲು.

ಗಂಗಾವತಿಯಲ್ಲಿ ನಾನು ಗುಮಾಸ್ತನಾಗಿದ್ದ ರೈಸ್ ಮಿಲ್ಲು 1997ರ ಮಾರ್ಚಿನಲ್ಲಿ ಮುಚ್ಚಿದ್ದು, ಆಮೇಲೆ ನಿನ್ನ ಅವ್ವನ ಬಳೆಗಳು ಹೋದದ್ದು ನಿನಗೆ ಗೊತ್ತೇ ಇದೆ. ಗೊತ್ತಿಲ್ಲದ ಸಂಗತಿಯೊಂದಿದೆ. ತಿಂಗಳಿಗೆ 1,800 ರೂಪಾಯಿಯಂತೆ ಹನ್ನೊಂದು ತಿಂಗಳ 19,800 ರೂಪಾಯಿ ನನಗೆ ಬರಬೇಕಿತ್ತು. ಆ ವರ್ಷದ ದೀಪಾವಳಿಗೆ ಮುಂಚೆ ಕೇಳಲು ಹೋದಾಗ ಸಾಹುಕಾರರು ಚಹಾ ತರಿಸಿ, ಲೆಟರ್‌ಹೆಡ್ಡನ್ನು ಹತ್ತಿರಕ್ಕೆಳೆದುಕೊಂಡು, ಪೆನ್ನಿನ ಟೊಪ್ಪಿಗೆ ತೆಗೆದು, "ಬಾಕಿ ಎಷ್ಟೆಂದು ಬರೆದು ಸಹಿ ಹಾಕಿಕೊಡಲೇನು?" ಎಂದು ತಾವಾಗಿಯೇ ಕೇಳಿದರು. "ನಿಮ್ಮ ಮಾತಿದ್ದರೆ ಸಾಕು" ಎಂದುಬಿಟ್ಟೆ. ಅವರು ಟೊಪ್ಪಿಗೆಯನ್ನು ಮತ್ತೆ ಹಾಕಿದರು. 2000ನೇ ಇಸವಿಯ ಜೂನ್‌ನಲ್ಲಿ ವಕೀಲರ ಬಳಿ ಹೋದಾಗ, ಮೂರು ವರ್ಷದ ಕಾಲಮಿತಿ ಮುಗಿದಿದೆ, ಅಂದು ಸಹಿ ಮಾಡಿಸಿಕೊಂಡಿದ್ದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತಿತ್ತು, ಎಂದರು. ಊರಿನವರ ಭತ್ತದ ಲೆಕ್ಕವನ್ನೆಲ್ಲ ಬರೆದಿಡುತ್ತಿದ್ದವನು ನನ್ನ ಲೆಕ್ಕವನ್ನು ಬರೆಸಿಕೊಳ್ಳಲು ಸಂಕೋಚಪಟ್ಟೆ. ಆ ಪೆನ್ನಿನ ಟೊಪ್ಪಿಗೆ ಈಗಲೂ ಕಣ್ಣ ಮುಂದೆ ಬರುತ್ತದೆ.

ನೀನು ಇಮೇಲುಗಳನ್ನೆಲ್ಲ ತೆಗೆದಿಟ್ಟಿದ್ದೀಯೆಂದು ತಿಳಿದು ಹೆಮ್ಮೆಯಾಯಿತು. ನಿನ್ನೆ ಇಲ್ಲಿನ ವಕೀಲರೊಬ್ಬರನ್ನು ಕೇಳಿ ಬಂದೆ. ಕೈಸಾಲದ ವಸೂಲಿಗಾದರೆ ನೀನು ಹೇಳಿದ ಲಘು ವ್ಯವಹಾರಗಳ ನ್ಯಾಯಾಲಯ ಸರಿ, ಆದರೆ ಸಂಬಳದ ಬಾಕಿಗೆ ಕಾರ್ಮಿಕ ಇಲಾಖೆಯ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬೇಕಂತೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಸಂಬಳ ಕೊಟ್ಟಿದ್ದೇವೆಂದು ಸಾಬೀತುಪಡಿಸುವ ಹೊಣೆ ಮಾಲೀಕರದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಅರ್ಜಿ ಸಲ್ಲಿಸಲು ಮೂರು ವರ್ಷ ಇದೆ ಎಂದಾಗ ನನಗೆ ಭಯವಾಯಿತು. ಆ ಮೂರು ವರ್ಷವನ್ನು ನಂಬಬೇಡ, ಈ ತಿಂಗಳೇ ಹಾಕು. ಹಣ ಬ್ಯಾಂಕಿಗೆ ಬರುವ ಮೊದಲು "ಲೆಕ್ಕ ಚುಕ್ತಾ" ಎಂಬ ಯಾವ ಕಾಗದಕ್ಕೂ ಸಹಿ ಮಾಡಬೇಡ. ಫೋನಿನಲ್ಲಿ ಭರವಸೆ ಕೊಟ್ಟರೆ, ಅದನ್ನೇ ಇಮೇಲಿನಲ್ಲಿ ಬರೆದು ಕಳಿಸಿ ಎಂದು ಕೇಳು, ಕೇಳಲು ಸಂಕೋಚಪಡಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಉಪದೇಶ ಮಾಡಬಾರದೆಂದೇ ಬರೆಯಲು ಕುಳಿತಿದ್ದೆ, ಕ್ಷಮಿಸು. ಹೊಸ ಕಂಪನಿಯವರಿಗೆ ತಿಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನನಗಿನ್ನೂ ಹೋಗಿಲ್ಲ. ಆದರೂ ನೀನು ಹೋಗು.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಯಾವ ದಿನ ಹೋಗುತ್ತೀಯೆಂದು ತಿಳಿಸು, ಹಿಂದಿನ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಒಳಗೆ ಬರುವುದು ಬೇಡವೆಂದರೆ ಹೊರಗೆ ನಿನ್ನ ಚೀಲ ಹಿಡಿದುಕೊಂಡು ಕೂತಿರುತ್ತೇನೆ.

ಇಂತಿ,
ನಿನ್ನ ಅಪ್ಪ