ಡ್ಯಾಂ ಲೆವೆಲ್ ಜೊತೆಗೆ ಹೋಬಳಿ ಮಳೆ ಲೆಕ್ಕಾನೂ ಹಾಕಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ದಿನಾ ಪೇಪರಲ್ಲಿ ಡ್ಯಾಂ ಲೆವೆಲ್ ಬರುತ್ತೆ, ಕೆಆರ್‌ಎಸ್‌ ಎಷ್ಟು ಅಡಿ, ತುಂಗಭದ್ರಾ ಒಳಹರಿವು ಎಷ್ಟು ಅಂತ, ಅದು ಬೇಕೇ ಬೇಕು, ಆದ್ರೆ ನಮ್ಮ ಹೋಬಳಿಗೆ ನಿನ್ನೆ ಎಷ್ಟು ಮಿಲಿಮೀಟರ್ ಬಿತ್ತು ಅನ್ನೋದನ್ನೂ ಜಿಲ್ಲಾ ಪುಟದ ಒಂದು ಮೂಲೇಲಿ ಹಾಕಿ ಅಂತ ಕೇಳ್ಕೊಳ್ಳೋಕೆ ಈ ಪತ್ರ.

ನಮ್ದು ತಿಪಟೂರು ಕಡೆ. ಹಿತ್ಲಲ್ಲಿ ನಾಲ್ಕು ತೆಂಗು, ಒಂದು ನಿಂಬೆ, ಕರಿಬೇವು, ಬದನೆ, ಚಪ್ಪರದವರೆ, ಇಷ್ಟೇ ನಮ್ಮ ತೋಟ. 2023ರಲ್ಲಿ ಆಶ್ಲೇಷ, ಮಘೆ ಎರಡೂ ಮಳೆ ಕೈ ಕೊಟ್ವಲ್ಲ, 1901ರಿಂದ ಇಟ್ಟಿರೋ ಲೆಕ್ಕದಲ್ಲಿ ಇಡೀ ದೇಶಕ್ಕೇ ಅಷ್ಟು ಕಮ್ಮಿ ಮಳೆ ಆದ ಆಗಸ್ಟ್ ಇನ್ನೊಂದಿಲ್ಲ, ಕೊನೆಗೆ ರಾಜ್ಯದಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯ್ತು. ಆ ಆಗಸ್ಟಲ್ಲೇ ಒಂದು ರಾತ್ರಿ ಶೀಟ್ ಮೇಲೆ ಪಟಪಟ ಸದ್ದು, ಬೆಳಿಗ್ಗೆ ಅಂಗಳ ಒದ್ದೆ, ಎಲೆ ಎಲ್ಲಾ ತೊಳೆದಿಟ್ಟಂಗೆ, ಬೀದಿಯವರೆಲ್ಲಾ ಒಳ್ಳೆ ಮಳೆ ಒಳ್ಳೆ ಮಳೆ ಅಂದ್ರು, ಸದ್ಯ ಬೋರಿಗೆ ರೆಸ್ಟ್ ಅಂತ ನಾನೂ ಎರಡು ದಿನ ನೀರು ಬಿಡ್ಲಿಲ್ಲ. ಮೂರನೇ ದಿನ ಬದನೆ ಗಿಡ ತಲೆ ಬಗ್ಗಿಸಿ ನಿಂತಿತ್ತು. ಚಿಕ್ಕ ಗುದ್ಲಿ ತಗೊಂಡು ಬುಡ ಕೆದಕಿ ನೋಡ್ತೀನಿ, ಮೇಲೆ ಒಂದು ಉಗುರಿನಷ್ಟು ಮಣ್ಣು ಹಪ್ಪಳದ ತರ ಗಟ್ಟಿಯಾಗಿದೆ, ಅದನ್ನ ಎಬ್ಬಿಸಿದ್ರೆ ಕೆಳಗೆ ಒಲೆ ಬೂದಿ ಹಂಗೆ ಒಣ ಧೂಳು. ನೆನೆದಿದ್ದು ಅಷ್ಟೇ.

ನಮ್ಮಜ್ಜ ಇದ್ದಾಗ ಬೆಳಿಗ್ಗೆ ಎದ್ದು ಮೊದ್ಲು ಹೋಗಿ ನೋಡ್ತಿದ್ದಿದ್ದು ಅಂಗಳದ ಒರಳುಕಲ್ಲನ್ನ, ಅದ್ರಲ್ಲಿ ನಿಂತ ನೀರು ನೋಡಿನೇ ಹದ ಆಯ್ತೋ ಇಲ್ವೋ ಹೇಳೋರು. ಈಗ ಒರಳುಕಲ್ಲು ಇಲ್ಲ, ಅದಕ್ಕೆ ಎರಡು ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿ ತಗೊಂಡು ಮೇಲಿನ ಭಾಗ ಕತ್ತರಿಸಿ ಅದನ್ನೇ ಆಲಿಕೆ ತರ ಉಲ್ಟಾ ಕೂರಿಸಿದೆ, ತಳ ಏರುಪೇರು ಇರುತ್ತಲ್ಲ, ಅದಕ್ಕೆ ಕಲ್ಲು ಹಾಕಿ ಬಾಟಲಿ ನೇರ ಆಗೋವರೆಗೂ ನೀರು ತುಂಬಿಸಿ ಅಲ್ಲಿಗೆ ಸೊನ್ನೆ ಗೆರೆ ಎಳೆದು, ಮೇಲಕ್ಕೆ ಮಕ್ಕಳ ಸ್ಕೇಲ್ ಅಂಟಿಸಿದೆ. ಮೊದ್ಲು ನೆಲದ ಮೇಲೆ ಇಟ್ಟಿದ್ದೆ, ಮಣ್ಣು ನೀರು ಸಿಡಿದು ಒಳಗೆ ಬೀಳೋದು, ತೆಂಗಿನ ಗರಿ ಕೆಳಗಿಟ್ರೆ ಅದೂ ತಪ್ಪು ಲೆಕ್ಕ, ಆಮೇಲೆ ಬಯಲಲ್ಲಿ ಒಂದು ಗೂಟಕ್ಕೆ ಕಟ್ಟಿದೆ. ಬೆಳಿಗ್ಗೆ ಎಂಟೂವರೆಗೆ ನೋಡಿ ನೋಟ್‌ಬುಕ್ಕಲ್ಲಿ ಬರ್ಕೊಳ್ತೀನಿ, ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕೋದೂ ಅದೇ ಟೈಮಿಗೆ. ಎರಡೂವರೆ ಮಿಲಿಮೀಟರ್ ಆದ್ರೂ ಬೀಳದೆ ಇದ್ರೆ ಅವರು ಅದನ್ನ ಮಳೆ ದಿನ ಅಂತಾನೇ ಎಣಿಸಲ್ಲ, ನಮಗೆ ಮಾತ್ರ ನಾಲ್ಕು ಹನಿ ಬಿದ್ರೂ ಮಳೆ ಬಂತು!

ಬರ್ಕೊಳ್ಳೋಕೆ ಶುರು ಮಾಡಿದ್ಮೇಲೆ ಎಷ್ಟು ವ್ಯತ್ಯಾಸ ಆಯ್ತು ಅಂದ್ರೆ, ಎರಡು ಮೂರು ಮಿಲಿಮೀಟರ್ ಆದ್ರೆ ಯೋಚ್ನೆನೇ ಮಾಡ್ದೆ ನೀರು ಹಾಕ್ತೀನಿ, ಅಷ್ಟನ್ನ ಬುಡಕ್ಕೆ ಮುಚ್ಚಿರೋ ಒಣಗರಿನೇ ಕುಡಿದುಬಿಡುತ್ತೆ, ಹದಿನೈದು ಇಪ್ಪತ್ತು ಬಿದ್ರೆ ಮಾತ್ರ ಬೆರಳು ಇಳಿಸಿ ನೋಡಿ ಬಿಡ್ತೀನಿ. ಒಂದು ಮಿಲಿಮೀಟರ್ ಅಂದ್ರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಹಂಗಾಗಿ ಮೂವತ್ತು ನಲವತ್ತರ ತಾರಸಿ ಮೇಲೆ ಹತ್ತು ಮಿಲಿಮೀಟರ್ ಬಿದ್ರೆ ಸಾವಿರದ ನೂರು ಲೀಟರ್ ಹತ್ರ ನೀರು, ಪೈಪ್ ಹಾಕದೆ ಎಷ್ಟು ವರ್ಷ ಚರಂಡಿಗೆ ಬಿಟ್ಟಿದ್ವಿ ಅಂತ ಸಂಕಟ ಆಗುತ್ತೆ. ಇನ್ನೊಂದು, ಕೆರೆ ಆಚೆ ನಮ್ಮಕ್ಕನ ಮನೇಲೂ ಒಂದು ಬಾಟಲಿ ಕಟ್ಟಿಸಿದೀನಿ, ಒಂದು ಸಂಜೆ ಅಲ್ಲಿ 18, ನಮ್ಮಲ್ಲಿ ಬರೀ 3. ಹಿಂಗಿರುವಾಗ ತಾಲ್ಲೂಕಿಗೆಲ್ಲಾ ಒಂದೇ ನಂಬರ್ ನೋಡಿ ಯಾರು ಏನು ಬಿತ್ತಬೇಕು ಹೇಳಿ?

ಲೆಕ್ಕ ಇಲ್ಲ ಅಂತೇನಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆ ಮಾಪಕ ಇಟ್ಟಿದ್ದಾರೆ, ವರುಣಮಿತ್ರ ಅಂತ ಸಹಾಯವಾಣೀನೂ ಇದೆ. ಆದ್ರೆ ನಮ್ಮೂರಲ್ಲಿ ಬೆಳಿಗ್ಗೆ ಟೀ ಅಂಗಡೀಲಿ ಪೇಪರ್ ಬಿಡಿಸಿ ಕೂರೋ ವಯಸ್ಸಾದವರು ಅದಕ್ಕೆಲ್ಲಾ ಫೋನ್ ಮಾಡಲ್ಲ, ಅವರಿಗೆ ಪೇಪರಲ್ಲಿ ಬಂದ್ರೇನೇ ಬಂದಂಗೆ. ಕೊಡಗು, ಚಿಕ್ಕಮಗಳೂರು ಕಡೆ ಕಾಫಿ ಎಸ್ಟೇಟಲ್ಲಿ ಹೂ ಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಎಷ್ಟು ಇಂಚು ಎಷ್ಟು ಸೆಂಟ್ (ಒಂದು ಇಂಚಿಗೆ ನೂರು ಸೆಂಟ್) ಅಂತ ತಲೆಮಾರುಗಳಿಂದ ಪುಸ್ತಕದಲ್ಲಿ ಬರೆದಿಟ್ಟಿರ್ತಾರೆ. ಬಯಲುಸೀಮೆ ನಮಗೆ ಆ ಅಭ್ಯಾಸ ಅವರಿಗಿಂತ ಜಾಸ್ತಿ ಬೇಕು, ಇಲ್ಲಿ ಬೀಳೋದೇ ಕಮ್ಮಿ.

ಈ ಸಲದ ಮುಂಗಾರಿಂದಾದ್ರೂ ಶುರು ಮಾಡಿ ಸಾರ್. ಪಕ್ಕದಲ್ಲಿ ಓದುಗರು ಮನೇಲಿ ಅಳೆದ ಲೆಕ್ಕಕ್ಕೂ ಎರಡು ಸಾಲು ಜಾಗ ಕೊಡೋದಾದ್ರೆ ನಮ್ಮ ಹಿತ್ಲು ಮತ್ತೆ ನಮ್ಮಕ್ಕನ ಮನೆ ಎರಡರದ್ದೂ ದಿನಾ ಒಂಬತ್ತು ಗಂಟೆ ಒಳಗೆ ಕಳಿಸ್ತೀನಿ.

– ಒಬ್ಬ ಓದುಗ, ತಿಪಟೂರು