ಹಳೇ ಜೆಟ್ ಎಸೆಯಬೇಡ ಪುಟ್ಟೀ

ಪುಟ್ಟೀ,

ನಿನ್ನೆ ನೀನು ಫೋನಿನಲ್ಲಿ ನಿನ್ನ ಬೈಕಿನ ಬಗ್ಗೆ, "ಚೋಕ್ ಎಳೆದರೆ ಓಡುತ್ತೆ, ಬಿಟ್ಟರೆ ಆಫ್ ಆಗುತ್ತೆ" ಅಂದಾಗಲೇ ನನಗೆ ಗೊತ್ತಾಯಿತು, ಈ ವಾರ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ನಿನ್ನ ಮೇಜಿನ ಮೇಲೆ ಬರುತ್ತದೆ ಅಂತ. ಬಿಚ್ಚು. ನಾನು ಅಲ್ಲಿದ್ದಿದ್ದರೆ ನಿನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಳ್ಳುತ್ತಿದ್ದೆ. ದೂರ ಇರುವುದೇ ವಾಸಿ.

ನೀನು ಹೇಳಿದ ಲಕ್ಷಣ ಪೈಲಟ್ ಜೆಟ್ಟಿನದು, ಅಂದರೆ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಹಾಯುವ ತೂತಿರುವ ಪುಟ್ಟ ಹಿತ್ತಾಳೆ ತುಂಡಿನದು. ಐಡ್ಲಿಂಗ್‌ನಲ್ಲಿ ಇಂಜಿನ್‌ಗೆ ಪೆಟ್ರೋಲ್ ಕೊಡುವುದು ಅದೇ. ಅದರ ತೂತು ಹೆಚ್ಚುಕಡಿಮೆ 0.4 ಮಿಲಿಮೀಟರ್, ಅಷ್ಟೇ. ಗಾಡಿ ತಿಂಗಳುಗಟ್ಟಲೆ ನಿಂತರೆ ಪೆಟ್ರೋಲ್ ಆರಿ, ಅಂಟು ಅಂಟಾದ ಪದರವಾಗಿ ಅಲ್ಲೇ ಕೂರುತ್ತದೆ. ಆಗ ಹೆಚ್ಚು ಪೆಟ್ರೋಲ್ ಸಿಗುವಂತೆ ಮಾಡುವ ಚೋಕ್ ಆ ಕೊರತೆಯನ್ನು ತುಂಬುತ್ತಿರುತ್ತದೆ. ಆದರೂ ಬಿಚ್ಚುವ ಮೊದಲು ಇಂಜಿನ್ನಿಗೂ ಕಾರ್ಬ್ಯುರೇಟರ್‌ಗೂ ನಡುವಿನ ರಬ್ಬರ್ ಬೂಟ್ ಬಗ್ಗಿಸಿ ನೋಡು. ಅದು ಸೀಳಿ ಗಾಳಿ ಎಳೆಯುತ್ತಿದ್ದರೂ ಗಾಡಿ ಇದೇ ಆಟ ಆಡುತ್ತದೆ. ಆಗ ಕಾರ್ಬ್ಯುರೇಟರ್ ಎಷ್ಟು ತೊಳೆದರೂ ದಂಡ.

ಸ್ಕ್ರೂಗಳ ವಿಷಯ. ನಿನ್ನದು ಜಪಾನಿ ಗಾಡಿ. ನೋಡಲು ಫಿಲಿಪ್ಸ್ ಥರಾನೇ ಇರುತ್ತವೆ, ಆದರೆ ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯವು. ಫಿಲಿಪ್ಸ್ ಹಾಕಿ ತಿರುಗಿಸಿದರೆ ಜಾರಿ ತಲೆ ಸವೆದುಹೋಗುತ್ತದೆ. ಜೆಐಎಸ್ ಸ್ಕ್ರೂಡ್ರೈವರ್ ಒಂದು ತಗೋ, ಆಮೇಲೆ ಬೈದುಕೊಳ್ಳುವುದು ತಪ್ಪುತ್ತದೆ.

ನಿನ್ನ ಗಾಡಿಯ ಎರಡು ಕಾರ್ಬ್ಯುರೇಟರನ್ನೂ ಒಟ್ಟಿಗೆ ಬಿಚ್ಚಿ ಹರಡಬೇಡ. ಒಂದು ಮುಗಿಸಿ, ಜೋಡಿಸಿ, ಆಮೇಲೆ ಇನ್ನೊಂದು. ಅನುಮಾನ ಬಂದರೆ ಜೋಡಿಸಿದ್ದನ್ನು ನೋಡಿಕೊಳ್ಳಬಹುದು, ಅಲ್ವಾ? ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಒಳಕ್ಕೆ ಮೆಲ್ಲಗೆ ತಿರುಗಿಸುತ್ತಾ ಎಷ್ಟು ಸುತ್ತು ಹೋಯಿತು ಅಂತ ಎಣಿಸಿ ಬರೆದಿಡು. ತುದಿ ತಾಗಿದ ಕೂಡಲೇ ನಿಲ್ಲಿಸು, ಬಿಗಿ ಮಾಡಬೇಡ. ಅದರ ಜೊತೆ ಒಂದು ಸ್ಪ್ರಿಂಗ್, ಒಂದು ಪುಟಾಣಿ ವಾಷರ್, ಒಂದು ಓ-ರಿಂಗ್ ಇರುತ್ತವೆ. ಸ್ಕ್ರೂ ಮಾತ್ರ ಹೊರಗೆ ಬಂದು ವಾಷರ್, ಓ-ರಿಂಗ್ ಒಳಗೇ ಕೂತಿರುವುದುಂಟು. ಟಾರ್ಚ್ ಬಿಟ್ಟು ನೋಡು.

ಪೆಟ್ರೋಲ್ ಮೇಲೆ ತೇಲುವ ಫ್ಲೋಟಿನ ಪಿನ್ ಬರದಿದ್ದರೆ ಸುತ್ತಿಗೆ ಮುಟ್ಟಬೇಡ. ಅದನ್ನು ಹಿಡಿದಿರುವ ಎರಡು ಕಂಬಗಳು ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ನಾನು ಒಂದನ್ನು ಮುರಿದಿದ್ದೇನೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಈಗ ಮುಖ್ಯ ಮಾತು. ನೀನು ರಿಪೇರಿ ಕಿಟ್ ತರಿಸುತ್ತೀಯ. ಅದರಲ್ಲಿ ಹೊಳೆಯುವ ಹೊಸ ಜೆಟ್‌ಗಳಿರುತ್ತವೆ, ನಿನ್ನ ಹಳೆಯವು ಕಪ್ಪಗಿರುತ್ತವೆ. ಕೈ ತಾನಾಗಿ ಹೊಸದರ ಕಡೆ ಹೋಗುತ್ತದೆ. ನಾನೂ ಮೊದಲ ಸಲ ಹಾಗೇ ಮಾಡಿದೆ. ಹಳೆಯದನ್ನೆಲ್ಲ ಕಸಕ್ಕೆ ಹಾಕಿ ಹೊಸದು ಕೂರಿಸಿದೆ. ಗಾಡಿ ಎರಡು ತಿಂಗಳು ಕೆಮ್ಮಿತು. ನಾನು ಪ್ಲಗ್ ಬದಲಿಸಿದೆ, ಕಾಯಿಲ್ ಬದಲಿಸಿದೆ, ಸುಮ್ನೆ ದುಡ್ಡು ಕಳೆದೆ. ತಪ್ಪು ಇದ್ದದ್ದು ಜೆಟ್ಟಿನಲ್ಲೇ. ಮೇಲೆ ಕೊರೆದ ನಂಬರ್ ಸರಿ ಇತ್ತು, ತೂತು ಸರಿ ಇರಲಿಲ್ಲ. ಲೆಕ್ಕ ಹಾಕಿ ನೋಡು, ತೂತಿನ ಅಗಲ ಹತ್ತರಲ್ಲಿ ಒಂದು ಪಾಲು ಕಿರಿದಾದರೆ ಪೆಟ್ರೋಲ್ ಹರಿಯುವ ಜಾಗ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಹಿತ್ತಾಳೆ ಬೇಗ ಸವೆಯುವುದಿಲ್ಲ, ಕೊಳೆ ಆಗುತ್ತದೆ ಅಷ್ಟೇ. ಕಿಟ್ಟಿನಿಂದ ಗ್ಯಾಸ್ಕೆಟ್, ಓ-ರಿಂಗ್ ತಗೋ. ಪೆಟ್ರೋಲ್ ಒಳಬರುವುದನ್ನು ತಡೆಯುವ ಫ್ಲೋಟ್ ನೀಡಲ್‌ನ ತುದಿಯಲ್ಲಿ ಉಂಗುರದಂತೆ ತಗ್ಗು ಬಿದ್ದಿದ್ದರೆ ಅದನ್ನೂ ಬದಲಿಸು. ಜೆಟ್ ಮಾತ್ರ ಹಳೆಯದೇ ಇರಲಿ.

ಅದನ್ನು ಕ್ಲೀನರ್‌ನಲ್ಲಿ ನೆನೆಹಾಕು, ಗಾಳಿ ಹೊಡಿ, ಬೆಳಕಿಗೆ ಹಿಡಿ. ದುಂಡಗಿನ ಚುಕ್ಕೆ ಕಾಣಬೇಕು. ಅರ್ಧಚಂದ್ರ ಕಂಡರೆ ಇನ್ನೂ ಕೊಳೆ ಇದೆ, ಮತ್ತೆ ನೆನೆಸು. ಸೂಜಿ ಹಾಕಿ ಕೆರೆಯಬೇಡ, ಹಿತ್ತಾಳೆಗಿಂತ ಉಕ್ಕು ಗಟ್ಟಿ, ತೂತು ದೊಡ್ಡದಾಗುತ್ತದೆ. ಜೆಟ್ ಕೂರುವ ದಾರಿಗೂ ಗಾಳಿ ಹೊಡಿ. ಒಂದು ಕಡೆ ಹೊಡೆದರೆ ಇನ್ನೊಂದು ಕಡೆ ಬರಬೇಕು. ಜಾಸ್ತಿ ಜನ ಇಲ್ಲೇ ಅವಸರ ಮಾಡಿ, ಒಂದು ವಾರ ಬಿಟ್ಟು ಮತ್ತೆ ಬಿಚ್ಚುತ್ತಾರೆ. ಕ್ಲೀನರ್ ಹೊಡೆಯುವಾಗ ಕನ್ನಡಕ ಹಾಕಿಕೋ. ಮೇಲಿನ ಡಯಾಫ್ರಂ ರಬ್ಬರಿಗೆ ಅದು ತಾಗದಿರಲಿ, ಊದಿಕೊಂಡುಬಿಡುತ್ತದೆ.

ಫ್ಲೋಟ್ ಎತ್ತರ ನಿನ್ನ ಮಾಡೆಲ್‌ನ ಮ್ಯಾನ್ಯುಯಲ್ ನೋಡಿ ಇಡು. ಅಳೆಯುವಾಗ ಕಾರ್ಬ್ಯುರೇಟರನ್ನು ಓರೆಯಾಗಿ ಹಿಡಿ. ಫ್ಲೋಟಿನ ನಾಲಿಗೆ ನೀಡಲ್‌ನ ಸ್ಪ್ರಿಂಗ್ ಪಿನ್ನನ್ನು ಬರೀ ಮುಟ್ಟಬೇಕು, ಒತ್ತಬಾರದು. ಎರಡೂ ಕಾರ್ಬ್ಯುರೇಟರಿನ ಗಾಳಿದಾರಿ ತೆರೆಯುವ ಚಿಟ್ಟೆ ವಾಲ್ವ್ ಒಂದೇ ಸಮ ತೆರೆಯುವಂತೆ ಕಣ್ಣಳತೆಯಲ್ಲಿ ಹೊಂದಿಸಿ ಗಾಡಿಗೆ ಹಾಕು. ಅವೆರಡನ್ನೂ ಸರಿಯಾಗಿ ಸಮ ಮಾಡಲು ಬೇಕಾದ ವ್ಯಾಕ್ಯೂಮ್ ಗೇಜ್ ನನ್ನ ಹತ್ತಿರ ಇದೆ, ಬಂದಾಗ ತರುತ್ತೇನೆ.

ಕೊನೆಗೆ, ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ ಆಯಿಲ್ ಮೂಸಿ ನೋಡು. ಪೆಟ್ರೋಲ್ ವಾಸನೆ ಬಂದರೆ ಫ್ಲೋಟ್ ನೀಡಲ್ ಸೋರಿ ಕೆಳಗೆ ಇಳಿದಿದೆ ಅಂತ ಅರ್ಥ. ಆಯಿಲ್ ಬದಲಿಸದೆ ಕಿಕ್ ಹೊಡೆಯಬೇಡ.

ಬಿಚ್ಚಿದ ಕೂಡಲೇ ಜೆಟ್ಟಿನ ಫೋಟೊ ಕಳಿಸು, ಬೆಳಕಿಗೆ ಹಿಡಿದು ತೆಗೆದದ್ದು.

ಅಪ್ಪ